ಕೌದಿಯೂ ತಾಳ್ಮೆಯೂ

ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ಮನೆ ಬಿಡುವ ಮುನ್ನ ನನಗೆ ತಪ್ಪದ ಕೆಲಸವೊಂದಿತ್ತು. ಅಜ್ಜಿಯ ಆರು ಸೂಜಿಗಳಿಗೆ ದಾರ ಪೋಣಿಸಿ, ಗೋಡೆಯ ಮೇಲಿನ ಹಳೆಯ ಕ್ಯಾಲೆಂಡರಿನ ಅಂಚಿಗೆ ಅವನ್ನು ಸಾಲಾಗಿ ಚುಚ್ಚಿಡಬೇಕಾಗಿತ್ತು. ಸಂಜೆ ನಾನು ಬರುವಷ್ಟರಲ್ಲಿ ಆರೂ ಸೂಜಿಗಳು ಬರಿದಾಗಿರುತ್ತಿದ್ದವು. ಅಜ್ಜಿಯ ಮಡಿಲಲ್ಲಿದ್ದ ಕೌದಿ ನಾಲ್ಕು ಬೆರಳು ಮುಂದೆ ಸಾಗಿರುತ್ತಿತ್ತು. ಆ ದಾರಗಳಿಗೂ ಆ ಕೌದಿಗೂ ನಡುವೆ ಒಂದು ಲೆಕ್ಕವಿದೆಯೆಂದು ಆಗ ನನಗೆ ಹೊಳೆಯಲಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ, ಬಿ.ಎ. ಅಂತಿಮ ವರ್ಷದಲ್ಲಿ, ಸ್ವತಃ ಸೂಜಿ ಹಿಡಿದ ಮೇಲೆ ಹೊಳೆಯಿತು. ಆ ಲೆಕ್ಕವನ್ನು ವಾಚಕ ಮಿತ್ರರ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ದೊಡ್ಡ ವಿಷಯಗಳನ್ನು ಕುರಿತು ಬರೆಯಬಲ್ಲ ಸಹಪಾಠಿಗಳು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ನನಗೆ ಚೆನ್ನಾಗಿ ತಿಳಿದಿರುವುದು ಇದೊಂದೇ ಆದಕಾರಣ ಹಿರಿಯರು ಕ್ಷಮಿಸಬೇಕು.

ಕೌದಿ ಎಂದರೇನೆಂದು ಹಳ್ಳಿಯ ಕಡೆಯವರಿಗೆ ಹೇಳಬೇಕಾದುದಿಲ್ಲ. ಅಂಗಡಿಯ ರಗ್ಗು ಹೊದ್ದು ಬೆಳೆದವರಿಗಾಗಿ ಎರಡು ಮಾತು. ಉಟ್ಟು ಹಳೆಯದಾದ ಸೀರೆ, ಪಂಚೆ, ಅಂಗಿಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲವನ್ನೂ ಕೈಹೊಲಿಗೆಯಿಂದ ಒಂದಾಗಿಸಿದ ಹಾಸು ಹೊದಿಕೆಯೇ ಕೌದಿ. ಉತ್ತರ ಕರ್ನಾಟಕದಲ್ಲಿ ಇದು ಮನೆಮನೆಯ ವಸ್ತು; ನಮ್ಮ ಜಿಲ್ಲೆಯ ಶಿಕಾರಿಪುರ, ಸೊರಬದ ಕಡೆಯೂ ಹೊಸದಲ್ಲ. ನಮ್ಮ ಅಜ್ಜಿ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಮದುವೆಯಾಗಿ ಭದ್ರಾವತಿಗೆ ಬಂದಾಗ ತವರಿನಿಂದ ಅವಳು ತಂದ ಆಸ್ತಿಯೆಂದರೆ ಒಂದು ಟ್ರಂಕು, ಎರಡು ಕೌದಿ.

ಭದ್ರಾವತಿಯೂ ಒಂದು ಬಗೆಯ ಕೌದಿಯೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಿತು. 1923ರಲ್ಲಿ ಕಬ್ಬಿಣ ಕರಗಿಸುವ ಕೆಲಸ ಪ್ರಾರಂಭವಾಯಿತು. ಅದರ ಹಿಂದಿನ ಶಕ್ತಿಯಾಗಿದ್ದ ವಿಶ್ವೇಶ್ವರಯ್ಯನವರ ಹೆಸರೇ ಮುಂದೆ ಕಾರ್ಖಾನೆಗೆ ಬಂತು. ಕೆಲಸವನ್ನರಸಿ ನಾಲ್ಕು ದಿಕ್ಕಿನಿಂದ ಜನ ಬಂದರು. ಒಂದೇ ವಠಾರದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಕೇಳಿಸುತ್ತಿತ್ತು. ಅಜ್ಜ ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಅವನು ತೀರಿಕೊಂಡ ಮೇಲೆ ಅವನ ಎರಡು ಖಾಕಿ ಅಂಗಿಗಳು ಅಜ್ಜಿಯ ಟ್ರಂಕಿನಲ್ಲಿ ಉಳಿದವು. ನಾನು ಹೇಳಹೊರಟಿರುವ ಕೌದಿಯಲ್ಲಿ ಆ ಖಾಕಿಯೂ ಇದೆ. ಅದರ ಮಾತು ಮುಂದೆ ಬರುತ್ತದೆ.

ಮನೆಯ ಹೆಣ್ಣುಮಕ್ಕಳ ಚೊಚ್ಚಲ ಹೆರಿಗೆಗೆ ಒಂದೊಂದು ಕೌದಿ ಹೊಲಿದುಕೊಡುವುದು ಅಜ್ಜಿ ತಾನಾಗಿ ಇಟ್ಟುಕೊಂಡಿದ್ದ ನೇಮ. ಮೂವರು ಅತ್ತೆಯರಿಗೂ ಹಾಗೆ ಕೊಟ್ಟಿದ್ದಾಳೆ. ಕಳೆದ ಆಷಾಢದಲ್ಲಿ ನಮ್ಮ ಅಕ್ಕ ಗರ್ಭಿಣಿಯೆಂಬ ಸುದ್ದಿ ಬಂತು. ಜನವರಿಯ ಕೊನೆಗೆ ಹೆರಿಗೆಯಾಗಬಹುದೆಂದು ಲೆಕ್ಕ. ಅಜ್ಜಿ ಕೂಡಲೇ ಟ್ರಂಕು ತೆಗೆಸಿದಳು. ಆದರೆ ಅವಳ ಕಣ್ಣು ಆ ವೇಳೆಗೆ ಬಹುಮಟ್ಟಿಗೆ ಹೋಗಿತ್ತು. ಗ್ಲಾಕೋಮಾ ಎಂಬ ಕಣ್ಣಿನ ಬೇನೆ. ಹೋದಷ್ಟು ದೃಷ್ಟಿ ಮತ್ತೆ ಬರುವುದಿಲ್ಲ, ಇರುವಷ್ಟನ್ನು ಔಷಧಿಯಿಂದ ಕಾಪಾಡಿಕೊಳ್ಳಬೇಕು ಎಂದು ವೈದ್ಯರು ಹೇಳಿದ್ದರು. ಅವ್ವನಿಗೆ ಬಿಡುವಿಲ್ಲ. ಸೀರೆಗಳಿಗೆ ಫಾಲ್ಸ್ ಹಚ್ಚಿ, ಕುಚ್ಚು ಕಟ್ಟಿ ನಮ್ಮನ್ನು ಓದಿಸಿದವಳು ಅವಳು. ಇನ್ನೊಬ್ಬರ ಸೀರೆಯ ಮೇಲೆಯೇ ಅವಳ ಕಣ್ಣು ಸವೆಯುತ್ತಿದೆ. ಅಪ್ಪ ಲಗೇಜು ಆಟೋ ಓಡಿಸುತ್ತಾರೆ. ಉಳಿದವನು ನಾನು.

"ಸೂಜಿಗೆ ದಾರ ಹಾಕಿಕೊಟ್ಟವನು ನೀನೇ ಅಲ್ವೇನೋ ಮಗಾ, ಇನ್ನೊಂದ್ ಹೆಜ್ಜೆ ಮುಂದೆ ಹೋಗು," ಎಂದಳು ಅಜ್ಜಿ.

ಗಂಡುಹುಡುಗ ಸೂಜಿ ಹಿಡಿದು ಕುಳಿತುದನ್ನು ಕಂಡು ವಠಾರದಲ್ಲಿ ನಗೆಯೆದ್ದಿತು. ಬಸ್ಸಿನಲ್ಲಿ ಜತೆಗೆ ಶಿವಮೊಗ್ಗಕ್ಕೆ ಬರುವ ಗೆಳೆಯರೂ ನಕ್ಕರು. ಆದರೆ ಯೋಚಿಸಿ ನೋಡಿದರೆ ನಮ್ಮ ಊರಿನ ದರ್ಜಿಗಳಲ್ಲಿ ಹೆಚ್ಚಿನವರು ಗಂಡಸರೇ. ಸೂಜಿಗೆ ಕೂಲಿ ಬಂದರೆ ಅದು ಗಂಡಸಿನ ಕಸುಬು. ಕೂಲಿಯಿಲ್ಲದೆ ಮನೆಯೊಳಗೆ ನಡೆದರೆ ಅದು ಹೆಂಗಸಿನ ಹೊತ್ತು ಕಳೆಯುವ ಕೆಲಸ. ನಗುವವರಿಗೆ ನಾನು ಈ ಉತ್ತರವನ್ನು ಕೊಡಲಿಲ್ಲ, ಆಗ ತೋಚಿರಲಿಲ್ಲ. ಇಲ್ಲಿ ಬರೆದಿಟ್ಟಿದ್ದೇನೆ.

ಕೌದಿಯನ್ನು ಸಿದ್ಧಪಡಿಸುವ ಕ್ರಮ ಹೀಗೆ. ಮೊದಲು ಬಟ್ಟೆಗಳನ್ನೆಲ್ಲ ಒಗೆದು, ಅಂಚು, ಕಾಜು, ಗುಂಡಿಗಳನ್ನು ತೆಗೆದು, ನೂಲಿನ ನೇರಕ್ಕೆ ಹರಿದುಕೊಳ್ಳಬೇಕು. ಹತ್ತಿಯ ಬಟ್ಟೆಯೇ ಉತ್ತಮ. ನೈಲಾನು, ಪಾಲಿಯೆಸ್ಟರು ಸೂಜಿಯ ಕೆಳಗೆ ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ. ತಳಕ್ಕೆ ಅಜ್ಜಿಯ ಹಳೆಯ ಸೀರೆ, ನಡುವೆ ಅಜ್ಜನ ಪಂಚೆಯ ಎರಡು ಪದರ, ಮೇಲುಗಡೆ ತುಂಡುಗಳು: ಅಕ್ಕನ ಲಂಗ, ನನ್ನ ಶಾಲೆಯ ನೀಲಿ ಸಮವಸ್ತ್ರ, ಅವ್ವನ ಎರಡು ಹತ್ತಿ ಸೀರೆ, ಅಜ್ಜನ ಖಾಕಿ. ಪದರಗಳನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ ಮೂಲೆಗಳಲ್ಲಿ ಕಲ್ಲಿಟ್ಟು, ನಡುವಿನಿಂದ ಹೊರಕ್ಕೆ ಗೇಣುದ್ದದ ಕಚ್ಚಾ ಹೊಲಿಗೆ ಹಾಕಬೇಕು. ಹಾಗೆ ಮಾಡದಿದ್ದರೆ ಪದರಗಳು ಸರಿದು ನಡುವೆ ಹೊಟ್ಟೆಯಂತೆ ಉಬ್ಬಿಕೊಳ್ಳುತ್ತವೆ. ಆಮೇಲೆ ನಿಜವಾದ ಹೊಲಿಗೆ. ಅಂಚಿನಿಂದ ಆರಂಭಿಸಿ, ಅರ್ಧ ಅಂಗುಲ ಬಿಟ್ಟು ಅರ್ಧ ಅಂಗುಲಕ್ಕೆ ಒಂದು ಸುತ್ತಿನಂತೆ ಒಳಕ್ಕೆ ಬರುತ್ತ ನಡುವಿನಲ್ಲಿ ಮುಗಿಸುವುದು ಅಜ್ಜಿಯ ಪದ್ಧತಿ. ಉದ್ದಕ್ಕೆ ಸಾಲು ಹಿಡಿದು ಹೊಲಿಯುವವರೂ ಇದ್ದಾರೆ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಕೌದಿಯ ಅಳತೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಮೊದಲನೆಯ ಸುತ್ತು 240 ಅಂಗುಲ. ಪ್ರತಿಯೊಂದು ಸುತ್ತೂ ಅದರ ಹಿಂದಿನದಕ್ಕಿಂತ 4 ಅಂಗುಲ ಕಡಿಮೆ. ಒಟ್ಟು 48 ಸುತ್ತು. ಕೊನೆಯದು 52 ಅಂಗುಲ. ಎಸ್.ಎಸ್.ಎಲ್.ಸಿ.ಯಲ್ಲಿ ಕಲಿತ ಸಮಾಂತರ ಶ್ರೇಢಿ ನೆನಪಿರುವವರು ಕೂಡಿ ನೋಡಬಹುದು: 7,008 ಅಂಗುಲ, ಅಂದರೆ 584 ಅಡಿ. ಅಂಗುಲಕ್ಕೆ ನಾಲ್ಕು ಹೊಲಿಗೆಯಂತೆ 28,032 ಹೊಲಿಗೆ.

ಮೊದಲ ದಿನ ಈ ಸಂಖ್ಯೆಯನ್ನು ಕಾಗದದ ಮೇಲೆ ಕಂಡಾಗ ನನಗೆ ಎದೆ ಕುಸಿಯಿತು. ಅಜ್ಜಿಗೆ ಓದಿ ಹೇಳಿದೆ. ಅವಳು ನಕ್ಕುಬಿಟ್ಟಳು. "ಹೊಲಿಗೆ ಎಣಿಸಬಾರದು ಕಣೋ. ದಾರ ಎಣಿಸು."

ಈ ಒಂದು ಮಾತಿನಲ್ಲಿ ಕೈಕೆಲಸದ ಗುಟ್ಟೆಲ್ಲ ಅಡಗಿದೆಯೆಂದು ಈಗ ನಾನು ಹೇಳಬಲ್ಲೆ. ದಾರವನ್ನು ಎರಡು ಮೊಳ ತೆಗೆದು ಜೋಡಿಸಿ ಹಿಡಿದರೆ ಒಂದು ಮೊಳವಾಗುತ್ತದೆ. ಗಂಟಿಗೂ ಸೂಜಿಯ ಬುಡಕ್ಕೂ ಸ್ವಲ್ಪ ಹೋಗಿ, ನಾಲ್ಕು ಪದರಗಳಲ್ಲಿ ಏರಿಳಿದು, ಅದು ಸುಮಾರು ಒಂದು ಅಡಿ ಹೊಲಿಗೆಗೆ ಬರುತ್ತದೆ. ಅಂದಮೇಲೆ ನಮ್ಮ ಕೌದಿ 584 ದಾರಗಳ ಕೆಲಸ. ಒಂದು ದಾರ ಮುಗಿಯಲು ನನ್ನಂಥವನ ಕೈಯಲ್ಲಿ ಹತ್ತು ನಿಮಿಷ ಬೇಕು. ಬೆಳಿಗ್ಗೆ ಬಸ್ಸಿಗೆ ಮುಂಚೆ ಎರಡು, ಸಂಜೆ ಬಂದ ಮೇಲೆ ಎರಡು, ಹೀಗೆ ದಿನಕ್ಕೆ ನಾಲ್ಕು ದಾರವಾದರೆ 146 ದಿನ. ಇಪ್ಪತ್ತೆಂಟು ಸಾವಿರ ಹೊಲಿಗೆ ಮನುಷ್ಯನನ್ನು ಹೆದರಿಸುತ್ತದೆ. ನಾಲ್ಕು ದಾರ ಯಾರನ್ನೂ ಹೆದರಿಸುವುದಿಲ್ಲ. ಕೆಲಸ ಅದೇ, ಅದನ್ನು ಅಳೆಯುವ ಕೋಲು ಮಾತ್ರ ಬೇರೆ.

ದಾರದ ಉದ್ದದಲ್ಲಿಯೂ ಒಂದು ನೀತಿ ಇದೆ. ಮೊದಲ ವಾರ ನಾನು ಪದೇ ಪದೇ ಪೋಣಿಸುವ ತೊಂದರೆ ತಪ್ಪಲೆಂದು ಎರಡು ಮಾರು ದಾರ ತೆಗೆದುಕೊಳ್ಳುತ್ತಿದ್ದೆ. ಫಲವೇನೆಂದರೆ ದಾರ ತಿರುಚಿಕೊಂಡು ಗಂಟುಬೀಳುತ್ತಿತ್ತು. ಪ್ರತಿ ಹೊಲಿಗೆಗೂ ತೋಳನ್ನು ಪೂರ್ತಿ ಚಾಚಬೇಕಾಗಿ ಭುಜ ಹಿಡಿದುಕೊಳ್ಳುತ್ತಿತ್ತು. ಅಷ್ಟು ಸಲ ಬಟ್ಟೆಯೊಳಗೆ ಉಜ್ಜಿಕೊಂಡು ಹೋದ ದಾರ ತುದಿಗೆ ಬರುವಾಗ ಸವೆದು ತುಂಡಾಗುತ್ತಿತ್ತು. ದಾರಕ್ಕೆ ಮೇಣ ಸವರಿದರೆ ಸ್ವಲ್ಪ ಮೇಲು. ಮೊಂಬತ್ತಿಯ ತುಂಡೂ ನಡೆಯುತ್ತದೆ. ಆದರೆ ನಿಜವಾದ ಪರಿಹಾರ ಒಂದು ಮೊಳಕ್ಕೆ ಒಪ್ಪಿಕೊಳ್ಳುವುದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಾಸಿಗೆ ಹೊಲಿಯುವವನು ತೋಳಿಗೂ ಅನ್ವಯಿಸಿಕೊಳ್ಳಬೇಕು.

ಎರಡನೆಯ ಉಪಾಯ ನಾನು ಬಾಲ್ಯದಲ್ಲಿ ಅರಿಯದೆ ಮಾಡುತ್ತಿದ್ದುದೇ. ರಾತ್ರಿ ಕೆಲಸ ನಿಲ್ಲಿಸುವ ಮುನ್ನ ನಾಳೆಯ ನಾಲ್ಕು ದಾರಗಳನ್ನು ಇಂದೇ ಪೋಣಿಸಿಡಬೇಕು. ಮೊದಲನೆಯ ಸೂಜಿಯನ್ನು ಹೊಲಿಗೆ ನಿಂತ ಜಾಗದಲ್ಲೇ ಚುಚ್ಚಿಡಬೇಕು. ಕೆಲಸದಲ್ಲಿ ಅತ್ಯಂತ ಕಷ್ಟವಾದುದು ಕೆಲಸವಲ್ಲ, ಕುಳಿತುಕೊಳ್ಳುವುದು. ಸೂಜಿ ಎಲ್ಲಿ, ದಾರ ಎಲ್ಲಿ, ಎಲ್ಲಿಂದ ಶುರುಮಾಡಲಿ ಎಂದು ಹುಡುಕುವಷ್ಟರಲ್ಲಿ ಮನಸ್ಸು ಮೊಬೈಲಿನ ಕಡೆಗೋ ಕಿಟಕಿಯ ಕಡೆಗೋ ಹೊರಟುಹೋಗುತ್ತದೆ. ಸಿದ್ಧವಾಗಿರುವ ಸೂಜಿ ಮಾತ್ರ ಕೈಯನ್ನು ತಾನೇ ಕರೆಯುತ್ತದೆ.

ಮೂರನೆಯದು ಕಣ್ಣಿನ ಮೋಸ. ಹೊರಗಿನಿಂದ ಒಳಕ್ಕೆ ಹೊಲಿಯುವಾಗ ಮೊದಲನೆಯ ಸುತ್ತೊಂದಕ್ಕೇ ಇಪ್ಪತ್ತು ದಾರ, ಅಂದರೆ ಐದು ದಿನ. ಐದು ದಿನ ದುಡಿದ ಮೇಲೆ ಕಣ್ಣಿಗೆ ಕಾಣುವುದು ಅಂಚಿನಲ್ಲಿ ಒಂದು ಗೆರೆ. ಹೆಚ್ಚಿನವರು ಕೌದಿಯನ್ನು ಬಿಟ್ಟುಬಿಡುವುದು ಇಲ್ಲಿಯೇ. ಅಟ್ಟದ ಮೇಲೆ ಅಂಥ ಗಂಟುಗಳು ಎಷ್ಟೋ ಮನೆಗಳಲ್ಲಿ ಸಿಕ್ಕಾವು. ಆದರೆ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. 48 ಸುತ್ತುಗಳಲ್ಲಿ 24 ಮುಗಿದಾಗ ಅರ್ಧ ಕೆಲಸವಾಯಿತೆಂದು ಕಣ್ಣು ಹೇಳುತ್ತದೆ. ವಾಸ್ತವವಾಗಿ ಆ ವೇಳೆಗೆ 388 ದಾರ ಮುಗಿದಿರುತ್ತವೆ. ಎಂದರೆ ಮೂರರಲ್ಲಿ ಎರಡು ಪಾಲು. ಪ್ರಾರಂಭದ ಸುತ್ತುಗಳು ದೊಡ್ಡವು, ಕೊನೆಯವು ಚಿಕ್ಕವು. ಆದುದರಿಂದ ಮೊದಲು ನಿಧಾನವೆಂದು ತೋರುವುದು ನಮ್ಮ ಸೋಮಾರಿತನದಿಂದಲ್ಲ, ಕೆಲಸದ ಆಕಾರದಿಂದ. ಇದನ್ನು ತಿಳಿದವನು ತನ್ನನ್ನು ತಾನು ಬೈದುಕೊಳ್ಳುವುದು ಸ್ವಲ್ಪ ಕಡಿಮೆಯಾಗುತ್ತದೆ.

ಇಷ್ಟು ತಿಳಿದೂ ನಾನು ಎಡವಿದೆ. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ. ಆಗಸ್ಟಿನ ಮೊದಲ ದಿನ ಹೊಲಿಯಲು ಕುಳಿತೆ. ನಾಲ್ಕು ಸುತ್ತು, 78 ದಾರ, ಸರಿಯಾಗಿ ನಡೆಯಿತು. ಆಮೇಲೆ ಕಿರುಪರೀಕ್ಷೆ, ಗಣೇಶನ ಹಬ್ಬ, ಗೆಳೆಯರ ತಿರುಗಾಟ ಎಂದು ಹದಿನಾಲ್ಕು ದಿನ ಸೂಜಿ ಮುಟ್ಟಲಿಲ್ಲ. ಹದಿನಾಲ್ಕು ದಿನಕ್ಕೆ ಐವತ್ತಾರು ದಾರದ ಸಾಲ ತಲೆಯ ಮೇಲೆ ಬಂತೆಂದು ಎಣಿಸಿ, ಐದೇ ರಾತ್ರಿಗಳಲ್ಲಿ ಅದನ್ನು ತೀರಿಸಲು ಹೊರಟೆ. ದಿನಕ್ಕೆ ಹನ್ನೊಂದು ದಾರ! ಐದು, ಆರು, ಏಳನೆಯ ಸುತ್ತುಗಳು ಮುಗಿದವು. ಬಹಳ ಹೆಮ್ಮೆಯಿಂದ ಅಜ್ಜಿಯ ಮಡಿಲಲ್ಲಿ ಹರಡಿದೆ.

ಅಜ್ಜಿ ನೋಡಲಾರಳು. ಎಡಗೈಯ ನಾಲ್ಕು ಬೆರಳುಗಳನ್ನು ಅಂಚಿನಿಂದ ಒಳಕ್ಕೆ ಮೆಲ್ಲಗೆ ಎಳೆದಳು. ನಾಲ್ಕು ಸುತ್ತು ದಾಟಿ ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಮತ್ತೆ ಬಂದಳು.

"ಇಲ್ಲಿ ಯಾರೋ ಬೇರೆಯವರು ಹೊಲಿದಿದ್ದಾರೆ," ಎಂದಳು.

ನಾನೇ ಅಜ್ಜಿ, ಎಂದೆ.

"ಅಲ್ಲ. ಇಲ್ಲೀ ತನಕ ಹೊಲಿದವನು ಕೂತ್ಕೊಂಡು ಹೊಲಿದಿದ್ದಾನೆ. ಇಲ್ಲಿಂದ ಮುಂದೆ ಹೊಲಿದವನು ಎದ್ದು ಹೋಗೋ ಅವಸರದಲ್ಲಿದ್ದ."

ಹಗಲಿನಲ್ಲಿ ನೋಡಿದರೆ ಅವಳ ಮಾತು ಸತ್ಯವಾಗಿತ್ತು. ಅವಸರದಲ್ಲಿ ದಾರವನ್ನು ಜಗ್ಗಿ ಎಳೆದಿದ್ದೆ, ಬಟ್ಟೆ ಸುಕ್ಕುಗಟ್ಟಿತ್ತು. ಅಂಗುಲಕ್ಕೆ ನಾಲ್ಕು ಇರಬೇಕಾದ ಹೊಲಿಗೆ ಎರಡಾಗಿತ್ತು. ಹಾಗೆಯೇ ಬಿಟ್ಟರೆ ಒಳಗಿನ ಭಾಗವೆಲ್ಲ ಸೊಟ್ಟವಾಗುತ್ತದೆ, ಜಗ್ಗಿದ ದಾರ ಮೊದಲ ಒಗೆತಕ್ಕೇ ಹರಿಯುತ್ತದೆ. ಬಿಚ್ಚದೆ ಬೇರೆ ದಾರಿಯಿರಲಿಲ್ಲ.

ಬಿಚ್ಚುವುದಕ್ಕೂ ಕ್ರಮವಿದೆ. ದಾರವನ್ನು ಒಂದೇ ತುದಿಯಿಂದ ಎಳೆದರೆ ಬಟ್ಟೆ ಹರಿಯುತ್ತದೆ. ನಾಲ್ಕು ಹೊಲಿಗೆಗೆ ಒಂದರಂತೆ ಮೇಲುಗಡೆ ಕತ್ತರಿಸುತ್ತ ಹೋಗಿ, ತಿರುವಿಹಾಕಿ ಹಿಂದಿನಿಂದ ತುಂಡುಗಳನ್ನು ಬಿಡಿಸಿಕೊಳ್ಳಬೇಕು. ಎರಡು ಸಂಜೆ ಅದೇ ಕೆಲಸವಾಯಿತು. ಐವತ್ತೈದು ದಾರ ಕಸದ ಬುಟ್ಟಿಗೆ ಹೋಯಿತು. ಎರಡನೆಯ ಸಂಜೆ ನಾನು ಕತ್ತರಿಯನ್ನು ಎಸೆದು, ಅಂಗಡಿಯಿಂದ ಒಂದು ರಗ್ಗು ತಂದುಕೊಟ್ಟರಾಯಿತು ಎಂದು ಕೂಗಿದೆ. ಅಜ್ಜಿ ಏನೂ ಅನ್ನಲಿಲ್ಲ. ಬಿದ್ದ ಕತ್ತರಿಗಾಗಿ ನೆಲವನ್ನು ಕೈಯಿಂದ ತಡವುತ್ತಿದ್ದಳು. ಅವಳ ಕೈಗೆ ಕತ್ತರಿಯ ಮೊನೆ ತಾಗೀತೆಂದು ನಾನೇ ಎದ್ದು ಎತ್ತಿಕೊಂಡೆ; ಎತ್ತಿಕೊಂಡ ಮೇಲೆ ಕೂತು ಬಿಚ್ಚಿದೆ.

ಇದರಿಂದ ನಾನು ಕಲಿತ ಸೂತ್ರ ಇದು: ತಪ್ಪಿದ ದಿನ ಸಾಲವಲ್ಲ. ನಿನ್ನೆ ಹೊಲಿಯದ ನಾಲ್ಕು ದಾರ ನಿನ್ನೆಯೊಂದಿಗೆ ಹೋಯಿತು. ಇಂದಿನದು ನಾಲ್ಕೇ. ನಿನ್ನೆಯದನ್ನೂ ಕೂಡಿಸಿ ಎಂಟೆಂದು ಕುಳಿತವನು ಎರಡು ದಿನ ಎಂಟು ಹೊಲಿದು, ಮೂರನೆಯ ದಿನ ಬೇಸರಗೊಂಡು, ನಾಲ್ಕನೆಯ ದಿನ ಹನ್ನೆರಡಾಯಿತೆಂದು ಓಡಿಹೋಗುತ್ತಾನೆ. ಆ ಬಳಿಕ ಸೆಮಿಸ್ಟರ್ ಪರೀಕ್ಷೆಯ ಹತ್ತು ದಿನ ಮತ್ತೆ ಹೊಲಿಗೆ ನಿಂತಿತು. ಈ ಸಲ ಲೆಕ್ಕ ತೀರಿಸಲು ಹೋಗಲಿಲ್ಲ. ಹನ್ನೊಂದನೆಯ ದಿನ ನಾಲ್ಕು ದಾರ ಹೊಲಿದೆ, ಅಷ್ಟೆ.

ಖಾಕಿಯ ಮಾತು ಬರುತ್ತದೆ ಎಂದಿದ್ದೆನಲ್ಲ. ಕಾರ್ಖಾನೆಯ ಕೆಲಸಕ್ಕೆಂದು ನೇಯ್ದ ಆ ದಪ್ಪ ಬಟ್ಟೆಯಲ್ಲಿ ಸೂಜಿ ಇಳಿಯುವುದೇ ಕಷ್ಟ. ಎರಡು ಸೂಜಿ ಮುರಿದವು. ಬೆರಳ ತುದಿಗೆ ತೊಡುವ ತಗಡಿನ ಟೋಪಿಯನ್ನು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹುಡುಕಿ ತಂದೆ. ಹತ್ತು ನಿಮಿಷದ ದಾರ ಅಲ್ಲಿ ಇಪ್ಪತ್ತು ನಿಮಿಷವಾಗುತ್ತಿತ್ತು. ಅದಕ್ಕೊಂದು ಉಪಾಯ ಮಾಡಿಕೊಂಡೆ: ಖಾಕಿಯ ಭಾಗವನ್ನು ಬೆಳಿಗ್ಗೆಯ ಮೊದಲನೆಯ ದಾರಕ್ಕೆ ಇಟ್ಟುಕೊಂಡು, ಸಂಜೆ ದಣಿದಾಗ ಅವ್ವನ ಮೆತ್ತನೆಯ ಸೀರೆಯ ಕಡೆಗೆ ಬರುತ್ತಿದ್ದೆ. ಕಷ್ಟದ ಪಾಠವನ್ನು ಹೊಸ ಕಣ್ಣಿಗೆ, ಸುಲಭದ್ದನ್ನು ದಣಿದ ಕಣ್ಣಿಗೆ ಎಂಬ ಈ ಹಂಚಿಕೆ ಓದಿಗೂ ಸಲ್ಲುತ್ತದೆ.

ಇಂಥ ಕೆಲಸ ನಮ್ಮೊಬ್ಬರದೇ ಅಲ್ಲವೆಂಬುದನ್ನು ಓದಿ ತಿಳಿದುಕೊಂಡಾಗ ನನಗೆ ಧೈರ್ಯ ಬಂದಿತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಹೆಂಗಸರು ಇದನ್ನೇ ಕವಂದಿ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಜನ ಕೂಡ ಅಂಚಿನಿಂದ ಒಳಕ್ಕೆ ಸುತ್ತಿ ಬರುತ್ತಾರೆ. ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಸಿದ ತುಂಡುಗಳನ್ನಿಟ್ಟು ಹೊಲಿಯುತ್ತಾರೆ. 2004ರಲ್ಲಿ ಅವರದೊಂದು ಸಹಕಾರಿ ಕೂಟವೂ ಆರಂಭವಾಗಿ ಕವಂದಿ ಹೊರದೇಶಗಳಿಗೂ ಹೋಯಿತು. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನೇ ಎಣಿಸಿ ಹೊಲಿಯಬೇಕು, ಗಂಟು ಹಾಕಕೂಡದು. ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಮುಂಭಾಗ ಹಿಂಭಾಗ ಒಂದೇ ಸಮ ಕಾಣಬೇಕು. ಒಂದು ಎಳೆ ತಪ್ಪಿದರೂ ಚಿತ್ರ ಕೂಡುವುದಿಲ್ಲ. ಬಂಗಾಳದ ಹೆಂಗಸರು ಹಳೆಯ ಸೀರೆಗಳಿಂದ ಕಾಂಥಾ ಮಾಡುವಾಗ ಸೀರೆಯ ಅಂಚಿನಿಂದ ಬಿಡಿಸಿದ ನೂಲನ್ನೇ ದಾರವಾಗಿ ಬಳಸುತ್ತಿದ್ದರು. ದೂರದ ಸ್ಕಾಟ್ಲೆಂಡಿನಲ್ಲಿ ಗಂಡಸರು ಉಡುವ ಕಿಲ್ಟ್ ಎಂಬ ನೆರಿಗೆಯ ಉಡುಪಿಗೆ ಸುಮಾರು ಎಂಟು ಗಜ ಉಣ್ಣೆಬಟ್ಟೆ ಹಿಡಿಯುತ್ತದೆ. ಹಳೆಯ ಪದ್ಧತಿಯಲ್ಲಿ ಅದರ ಪ್ರತಿಯೊಂದು ನೆರಿಗೆಯನ್ನೂ, ಬಟ್ಟೆಯ ಚೌಕಳಿ ಕೆಡದಂತೆ ಹೊಂದಿಸಿ, ಸೊಂಟದ ಕಡೆಗೆ ಕಿರಿದಾಗಿಸುತ್ತ ಕೈಯಿಂದಲೇ ಹೊಲಿಯುತ್ತಾರೆ. ಅಲ್ಲಿಯ ಹೊಲಿಗೆಯವನೂ ಎಂಟು ಗಜವನ್ನು ಒಮ್ಮೆಗೇ ಹೊಲಿಯಲಾರ. ಒಂದು ನೆರಿಗೆಯನ್ನು ಹೊಲಿಯುತ್ತಾನೆ, ಅನಂತರ ಇನ್ನೊಂದನ್ನು.

ತಾಳ್ಮೆಗೆ ಜತೆಯೂ ಬೇಕು. ಹಿಂದೆ ವಠಾರದ ಹೆಂಗಸರು ಮಧ್ಯಾಹ್ನ ಜಗಲಿಯಲ್ಲಿ ಒಂದೇ ಕೌದಿಯ ನಾಲ್ಕು ಬದಿಗೆ ಕೂತು ಹೊಲಿಯುತ್ತಿದ್ದರಂತೆ. ಮಾತು ಮುಗಿಯುವಷ್ಟರಲ್ಲಿ ಸುತ್ತು ಮುಗಿಯುತ್ತಿತ್ತಂತೆ. ಸುಧಾ ಮೂರ್ತಿಯವರು 2017ರಲ್ಲಿ ಪ್ರಕಟಿಸಿದ 'ಥ್ರೀ ಥೌಸಂಡ್ ಸ್ಟಿಚಸ್' ಎಂಬ ಪುಸ್ತಕದಲ್ಲಿ, ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಂಗಸರು ತಲಾ ಒಂದೊಂದು ಹೊಲಿಗೆ ಹಾಕಿ ಅವರಿಗೆ ಹಾಸೊಂದನ್ನು ಕೊಟ್ಟ ಸಂಗತಿ ಬರುತ್ತದೆ. ನನಗೆ ಅಷ್ಟು ಜನ ಸಿಗಲಿಲ್ಲ. ಅಜ್ಜಿ ಒಬ್ಬಳೇ ಎದುರಿಗೆ ಕೂತು, ಪ್ರತಿ ದಾರ ಮುಗಿದಾಗಲೂ ಬೆರಳಾಡಿಸಿ "ಹೂಂ" ಎನ್ನುತ್ತಿದ್ದಳು. ಆ ಒಂದು "ಹೂಂ"ಗಾಗಿ ನಾನು ಎಷ್ಟೋ ಸಂಜೆ ಹೊಲಿದಿದ್ದೇನೆ. ನಕ್ಕಿದ್ದ ಗೆಳೆಯರಲ್ಲೊಬ್ಬ ಒಂದು ಭಾನುವಾರ ಬಂದು ಎರಡು ದಾರ ಹೊಲಿದು ಹೋದ. ಅವನ ಹೊಲಿಗೆ ನನ್ನದಕ್ಕಿಂತ ನೇರವಾಗಿತ್ತು.

ಒಂದು ದಿನ ನಾನು ಅಜ್ಜಿಯನ್ನು ಕೇಳಿದೆ: "ಅಷ್ಟೊಂದು ಕೌದಿ ಹೊಲಿಯೋಕೆ ನಿನಗೆ ತಾಳ್ಮೆ ಎಲ್ಲಿಂದ ಬಂತು?"

"ತಾಳ್ಮೆ ಎಲ್ಲಿತ್ತೋ ಮಗಾ? ಚಳಿ ಇತ್ತು."

ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು. ನಾವು ಹಳೆಯ ತಲೆಮಾರಿನ ಹೆಂಗಸರ ತಾಳ್ಮೆಯನ್ನು ಹೊಗಳುತ್ತೇವೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮೂರು ಮಕ್ಕಳನ್ನು ನೆಲದ ಮೇಲೆ ಮಲಗಿಸಬೇಕಾದ ತಾಯಿಗೆ ರಗ್ಗು ಕೊಳ್ಳಲು ದುಡ್ಡಿಲ್ಲದಿದ್ದರೆ ಅವಳು ಹೊಲಿಯದೆ ಏನು ಮಾಡಿಯಾಳು? ಅದನ್ನು ಗುಣವೆಂದು ಕರೆದು ಸುಮ್ಮನಾಗುವುದು ನಮಗೆ ಅನುಕೂಲ. ಅವಳ 28 ಸಾವಿರ ಹೊಲಿಗೆಗೆ ಯಾರೂ ಒಂದು ಪೈಸೆ ಕೊಡಲಿಲ್ಲ. ಮಧ್ಯಾಹ್ನ ಸುಮ್ಮನೆ ಕೂತಿರುತ್ತಾಳೆ ಎಂದೇ ಮನೆಯಲ್ಲಿ ಮಾತಿತ್ತು. ಆದರೂ ಅಜ್ಜಿಯ ಮಾತಿನಲ್ಲಿ ಇನ್ನೊಂದು ಸತ್ಯವಿದೆ. ತಾಳ್ಮೆಯೆಂಬುದು ಕೆಲಸಕ್ಕೆ ಮುಂಚೆ ಕೈಯಲ್ಲಿರಬೇಕಾದ ಬಂಡವಾಳವಲ್ಲ. ನನಗೆ ತಾಳ್ಮೆಯಿಲ್ಲ, ಆದ್ದರಿಂದ ಹೊಲಿಯಲಾರೆ ಎನ್ನುವುದು ತಲೆಕೆಳಗಾದ ಮಾತು. ಯಾರಿಗೋ ಚಳಿಯಾಗುತ್ತದೆ ಎಂಬುದು ಗೊತ್ತಿದ್ದರೆ ಸಾಕು, ಕೈ ಕುಳಿತುಕೊಳ್ಳುತ್ತದೆ. ಕೈ ಕುಳಿತ ಮೇಲೆ ಮನಸ್ಸು ಬರುತ್ತದೆ. ಉತ್ಸಾಹ ಬರಲಿ ಎಂದು ಕಾದಿದ್ದ ದಿನಗಳಲ್ಲಿ ನಾನು ಒಂದು ದಾರವನ್ನೂ ಹೊಲಿಯಲಿಲ್ಲ. ಉತ್ಸಾಹವಿಲ್ಲದೆಯೇ ಕುಳಿತ ಎಷ್ಟೋ ದಿನ ಎರಡನೆಯ ದಾರದ ಹೊತ್ತಿಗೆ ಅದು ತಾನಾಗಿ ಬಂದಿತ್ತು.

ಮಗು ನಮ್ಮ ಲೆಕ್ಕಕ್ಕೆ ಕಾಯಲಿಲ್ಲ. ಜನವರಿಯ ಎರಡನೆಯ ವಾರದಲ್ಲಿ, ಹೇಳಿದ ದಿನಕ್ಕಿಂತ ಮೊದಲೇ, ಅಕ್ಕನಿಗೆ ಹೆಣ್ಣುಮಗುವಾಯಿತು. ತೂಕ ಸ್ವಲ್ಪ ಕಡಿಮೆ. ತಾಯಿ ಮಗು ಇಬ್ಬರನ್ನೂ ಬೆಚ್ಚಗಿಡಿ ಎಂದು ವೈದ್ಯರು ಹೇಳಿ ಕಳಿಸಿದರು. ಕೌದಿಯಲ್ಲಿ ಆಗ 39 ಸುತ್ತು ಮುಗಿದಿದ್ದವು; ನಡುವಿನ ಒಂಬತ್ತು ಸುತ್ತು ಬಾಕಿ. ಅಂದು ಹೊರಗೆ ಚಳಿ ಕೊರೆಯುತ್ತಿತ್ತು. ನಾನು ಬಾಕಿಯ ಮಾತೆತ್ತುವಷ್ಟರಲ್ಲಿ ಅಜ್ಜಿ, "ಸೂಜಿ ತೆಗೆದು ಹಾಸೋ," ಎಂದಳು. ಕೌದಿಯನ್ನು ಎರಡು ಸಲ ತಡವಿ, ಒಂದು ಸೂಜಿಯೂ ಉಳಿದಿಲ್ಲವೆಂದು ನೋಡಿಕೊಂಡು, ಅರೆಮುಗಿದುದನ್ನೇ ಹಾಸಿದೆವು. ಮಗು ಅದರ ಮೇಲೆ ಮಲಗಿತು. ಹೊಲಿಗೆ ಮುಗಿದಿಲ್ಲವೆಂಬುದು ಅದಕ್ಕೆ ಗೊತ್ತಾಗಲಿಲ್ಲ.

ಉಳಿದ 51 ದಾರಗಳನ್ನು ಹಗಲು ಕೌದಿಯನ್ನು ಬಿಸಿಲಿಗೆ ಹಾಕುವ ಹೊತ್ತಿನಲ್ಲಿ, ದಿನಕ್ಕೆ ನಾಲ್ಕರಂತೆ, ಹದಿಮೂರು ದಿನದಲ್ಲಿ ಮುಗಿಸಿದೆ. ಕೊನೆಯ ಗಂಟನ್ನು ಅಜ್ಜಿಯ ಕೈಯಿಂದ ಹಾಕಿಸಿದೆವು. ನೀಲಿ ಬಟ್ಟೆಯ ಮೇಲೆ, ನಾನು ಬಿಚ್ಚಿದ ಮೂರು ಸುತ್ತುಗಳ ಹಳೆಯ ಸೂಜಿರಂಧ್ರಗಳು ಹೊಸ ಹೊಲಿಗೆಯ ಪಕ್ಕದಲ್ಲಿ ಇಂದಿಗೂ ಕಾಣುತ್ತವೆ. ಎರಡು ಒಗೆತವಾದರೆ ಮುಚ್ಚಿಕೊಳ್ಳುತ್ತವೆ ಎನ್ನುತ್ತಾಳೆ ಅವ್ವ.

ಸಹಪಾಠಿಗಳೇ, ನನ್ನಂತೆ ಮನೆಯಲ್ಲಿ ಮೊದಲನೆಯವರಾಗಿ ಪದವಿಯ ಬಾಗಿಲಿಗೆ ಬಂದವರು ನಮ್ಮ ಕಾಲೇಜಿನಲ್ಲಿ ಅನೇಕರಿದ್ದೀರಿ. ಮೂರು ವರ್ಷದ ಹಿಂದೆ ಈ ಕಟ್ಟಡದ ಮೆಟ್ಟಿಲ ಮೇಲೆ ನಿಂತಾಗ ನನಗೂ ಎದೆ ಕುಸಿದಿತ್ತು. ಯಾವ ಪುಸ್ತಕ, ಯಾವ ಅರ್ಜಿ, ಯಾರನ್ನು ಕೇಳುವುದು ಎಂಬುದನ್ನು ಹೇಳಿಕೊಡುವವರು ಮನೆಯಲ್ಲಿ ಇರಲಿಲ್ಲ. ಎರಡನೆಯ ವರ್ಷ ಒಂದು ವಿಷಯದಲ್ಲಿ ನಾನು ನಪಾಸಾದೆ. ಅಟ್ಟ ಸೇರುವ ಗಂಟಾಗಿಬಿಡುತ್ತಿದ್ದೆ. ನಮ್ಮ ಮೊದಲನೆಯ ಸುತ್ತು ಎಲ್ಲರಿಗಿಂತ ದೊಡ್ಡದು, ಅದಕ್ಕೇ ನಿಧಾನವೆಂದು ತೋರುತ್ತದೆ ಎಂಬುದನ್ನು ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸಿದ್ದರಿಂದ ಇಷ್ಟನ್ನು ಬರೆದೆ. ಬಾಕಿಯಿದ್ದ ಆ ವಿಷಯದ ಪರೀಕ್ಷೆ ಮುಂದಿನ ತಿಂಗಳು ಬರುತ್ತಿದೆ. ಪುಸ್ತಕದಲ್ಲಿ ನಾಳೆ ಓದಬೇಕಾದ ಪುಟಕ್ಕೆ ಗುರುತಿಟ್ಟಿದ್ದೇನೆ. ಗುರುತಿಗೆ ಇಟ್ಟಿರುವುದು ಕೌದಿಯಲ್ಲಿ ಉಳಿದ ಒಂದು ಮೊಳ ದಾರ.